ಬೆಣೆಯ ಗುರುತು, ಮದ್ದಿನ ಗುರುತು

ಹಂಪಿಗೆ ಹೋದವರು ದೇವಸ್ಥಾನ ನೋಡಿ ಬರುತ್ತಾರೆ. ನಾವು ಹೋದಾಗ ಬಂಡೆ ನೋಡಿದೆವು. ಅಲ್ಲಿನ ಗುಂಡುಗಳ ಮೈ ಮೇಲೆ ಕೈಯಾಡಿಸಿದರೆ ಸಾಲಾಗಿ ಕೊರೆದ ಚೌಕದ ಕುಳಿಗಳು ಸಿಗುತ್ತವೆ. ಎಲ್ಲ ಒಂದೇ ಅಳತೆ, ಒಂದೇ ನೇರ. ಕೆಲವು ಸಾಲಿನಗುಂಟ ಬಂಡೆ ರೊಟ್ಟಿ ಮುರಿದಂಗೆ ಎರಡಾಗಿದೆ. ಕೆಲವು ಸಾಲು ಅರ್ಧಕ್ಕೇ ನಿಂತಿವೆ. ಊಟಕ್ಕೆ ಎದ್ದು ಹೋದವನು ವಾಪಸ್ಸು ಬರಲೇ ಇಲ್ಲವೋ ಏನೋ ಅನ್ನೋ ಹಾಗೆ. ಕಂಬದ ಮೇಲೆ ರಾಜನ ಹೆಸರಿದೆ, ದಾನ ಕೊಟ್ಟವನ ಹೆಸರಿದೆ. ಬಂಡೆ ಸೀಳಿದವನ ಹೆಸರು ಯಾವ ಶಾಸನದಲ್ಲಿದೆ ಸ್ವಾಮಿ? ಈ ಕುಳಿಗಳ ಸಾಲೇ ಅವನ ರುಜು.

ಇದೇ ರೀತಿಯ ಇನ್ನೊಂದು ರುಜುವನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಗುಡ್ಡ ಕಡಿದು ಹೆದ್ದಾರಿ ಮಾಡಿದ ಕಡೆ, ಕೆಲವು ಕಲ್ಲಿನ ಗೋಡೆಗಳ ಮೇಲೆ ಮೇಲಿಂದ ಕೆಳಕ್ಕೆ ಅರ್ಧ ಸೀಳಿದ ಕೊಳವೆಯಂಥ ಗೆರೆಗಳು ಸಾಲಾಗಿ ಇಳಿದಿರುತ್ತವೆ. ಕುಳಿ ತೋಡಿ, ಮದ್ದು ತುಂಬಿ, ಬಂಡೆಯನ್ನು ಬೇಕಾದ ಗೆರೆಯಲ್ಲೇ ಸೀಳಿದ್ದರ ಗುರುತು ಅದು. ಇಂಜಿನಿಯರುಗಳು ಈ ಅರ್ಧಗೊಳವೆಗಳನ್ನು ಲೆಕ್ಕ ಹಾಕುತ್ತಾರೆ. ಹೆಚ್ಚು ಉಳಿದಿದ್ದರೆ ಮದ್ದು ಹಿಡಿತದಲ್ಲಿತ್ತು ಎಂದು ಅರ್ಥ. ಉಳಿಯದಿದ್ದರೆ ಗೋಡೆಯೇ ಜಜ್ಜಿಹೋಗಿದೆ ಎಂದು ಅರ್ಥ.

ಹಂಪಿಯ ಬೆಣೆಯ ಗುರುತಿನಿಂದ ಹೆದ್ದಾರಿಯ ಮದ್ದಿನ ಗುರುತಿನ ತನಕ ಒಂದು ಚರಿತ್ರೆ ಇದೆ. ಅದನ್ನು ಬರೆದವರು ಕಂಪೆನಿಯ ಕಡೆಯಿಂದ ಬರೆದಿದ್ದಾರೆ. ನಾವು ಕಲ್ಲಿನ ಕಡೆಯಿಂದ, ಕಲ್ಲು ಒಡೆದ ಕೈಯ ಕಡೆಯಿಂದ ಬರೆಯಲು ಕೂತಿದ್ದೇವೆ. ಕಲ್ಲು ವಡ್ಡರ ಮನೆಯಿಂದ ಡಿಗ್ರಿ ಮುಗಿಸಿದ ಮೊದಲ ತಲೆ ನಮ್ಮದು. ಬರೆಯದೆ ಬೇರೆ ದಾರಿ ಇಲ್ಲ.

*

ನಮ್ಮ ತಾತ ಓದಿದವನಲ್ಲ. ಬಂಡೆ ಮುಂದೆ ಕೂತು ಬೀಡಿ ಹಚ್ಚಿ ಒಂದು ಗಳಿಗೆ ಸುಮ್ಮನೆ ನೋಡುವವನು. ಆಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸದ್ದು ಕೇಳುವವನು. "ಕಲ್ಗೂ ಎಳೆ ಐತೆ ಕಣ್ಲಾ. ಎಳೆ ಮ್ಯಾಗೆ ಒಡುದ್ರೆ ಕೂಸು ಮಾತು ಕೇಳ್ದಂಗೆ ಕೇಳ್ತದೆ. ಅಡ್ಡ ಒಡುದ್ರೆ ನಿನ್ ಮೂಳೆ ಮುರೀತದೆ, ಅದು ಮುರಿಯಾಕಿಲ್ಲ" ಅನ್ನುತ್ತಿದ್ದ. ಉಳಿಯಲ್ಲಿ ಸಾಲು ಕುಳಿ ತೆಗೆದು, ಕುಳಿಗೊಂದು ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದೇ ಏಟು ಹಾಕುತ್ತಾ ಹೋಗುವನು. ಒಂದೇ ಬೆಣೆಗೆ ಎರಡನೇ ಏಟು ಹಾಕಿದ ಹುಡುಗನಿಗೆ ಬೈಗುಳ ಬೀಳುತ್ತಿತ್ತು. ಎಲ್ಲ ಬೆಣೆಗೂ ಸಮನಾಗಿ ಬಿಗಿ ಕೊಟ್ಟರೆ ಬಂಡೆ ತಾನೇ 'ಟಣ್' ಅಂತ ಸದ್ದು ಮಾಡಿ ಬಾಯಿ ಬಿಡುತ್ತಿತ್ತು.

ಬೆಂಗಳೂರಿನ ಸುತ್ತಿನ ಕಲ್ಲು ಕೆಲಸದವರಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಬೆಂಕಿಯ ವಿದ್ಯೆ. ಹಾಸುಬಂಡೆಯ ಮೇಲೆ ಸೌದೆ ಉರಿ ಹಾಕಿ, ಆ ಉರಿಯ ಸಾಲನ್ನು ನಿಧಾನ ಮುಂದಕ್ಕೆ ಸರಿಸುತ್ತಾ ಹೋಗುವುದು. ಕಾದ ಮೇಲ್ಪದರ ಹಿಗ್ಗಿ, ಕೆಳಗಿನ ತಣ್ಣನೆ ಬಂಡೆಯಿಂದ ಬಿಟ್ಟುಕೊಂಡು ದೊಡ್ಡ ಚಪ್ಪಡಿಯಾಗಿ ಏಳುತ್ತದೆ. ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿ, ಎಲ್ಲಿಯವರೆಗೆ ಬಿಟ್ಟಿದೆ ಅಂತ ಹೇಳುತ್ತಿದ್ದರು. 1895ರಲ್ಲಿ ವಾರ್ತ್ ಎಂಬಾತ ಇದನ್ನು ಕಣ್ಣಾರೆ ಕಂಡು ಇಂಗ್ಲೆಂಡಿನ 'ನೇಚರ್' ಪತ್ರಿಕೆಗೆ ಬರೆದ. ಬರೆದವನ ಹೆಸರು ಉಳಿಯಿತು. ಉರಿಯ ಮುಂದೆ ಕೂತು ಬೆವರಿದವರು ಬರೀ ಕೂಲಿಗಳಾಗಿ ಉಳಿದರು.

ಇಲ್ಲಿ ಒಂದು ಮಾತು ಗಮನಿಸಬೇಕು. ಬೆಣೆಯಾಗಲಿ, ಬೆಂಕಿಯಾಗಲಿ, ಎರಡರಲ್ಲೂ ಬಂಡೆಯನ್ನು ಜಜ್ಜುವುದಿಲ್ಲ, ಎಳೆದು ಬಿಡಿಸುತ್ತಾರೆ. ಕಲ್ಲು ಒತ್ತಿದರೆ ಜಗ್ಗುವುದಿಲ್ಲ, ಎಳೆದರೆ ಸೋಲುತ್ತದೆ. ಒತ್ತಡ ತಡೆಯುವ ಶಕ್ತಿ ಹತ್ತು ಪಾಲಿದ್ದರೆ ಎಳೆತ ತಡೆಯುವ ಶಕ್ತಿ ಒಂದು ಪಾಲು, ಅದಕ್ಕೂ ಕಡಿಮೆ. ಇವತ್ತು ಇದನ್ನು ಶಿಲಾಬಲವಿಜ್ಞಾನ ಅನ್ನುತ್ತಾರೆ. ನಮ್ಮ ಕೇರಿಯಲ್ಲಿ ಇದಕ್ಕೆ ಹೆಸರಿರಲಿಲ್ಲ, ಕೆಲಸವಿತ್ತು.

*

ಕಲ್ಲಿನ ಹೊಟ್ಟೆಗೆ ಮದ್ದು ಹಾಕಿದ ಹಳೆಯ ದಾಖಲೆಗಳಲ್ಲಿ ಒಂದು 1627ರದು. ಈಗಿನ ಸ್ಲೊವಾಕಿಯಾದಲ್ಲಿರುವ ಬಾನ್ಸ್ಕಾ ಷ್ಟಿಯಾವ್ನಿತ್ಸಾ ಎಂಬ ಗಣಿ ಊರಿನಲ್ಲಿ ಕಾಸ್ಪರ್ ವೈಂಡ್ಲ್ ಎಂಬಾತ ಕರಿಮದ್ದು ಇಟ್ಟು ಸುರಂಗದ ಬಂಡೆ ಒಡೆದ. ಅಲ್ಲಿಯವರೆಗೆ ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲಲು ಇದ್ದದ್ದು ಗಣಿಗೆ ಬಂತು. ಆದರೆ ಕೊಲ್ಲುವ ಕಸುಬನ್ನೇನೂ ಬಿಡಲಿಲ್ಲ. ಬತ್ತಿ ಯಾವಾಗ ಬೇಗ ಉರಿಯುತ್ತದೆ, ಯಾವಾಗ ತಡವಾಗುತ್ತದೆ ಹೇಳುವಂತಿರಲಿಲ್ಲ. ಹಚ್ಚಿ ಓಡಿದವನಿಗೆ ಓಡುವಷ್ಟು ಹೊತ್ತು ಸಿಗುತ್ತದೆಂಬ ಭರವಸೆ ಇರಲಿಲ್ಲ. 'ಆರಿರಬೇಕು' ಅಂತ ವಾಪಸ್ಸು ನೋಡಲು ಬಂದವನ ಮುಖಕ್ಕೇ ಸಿಡಿಯುತ್ತಿತ್ತು. 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಮದ್ದಿನ ಸುತ್ತ ನೂಲು ಹೆಣೆದು, ಇಂತಿಷ್ಟು ಉದ್ದಕ್ಕೆ ಇಂತಿಷ್ಟು ಹೊತ್ತು ಉರಿಯುವ ಬತ್ತಿ ಮಾಡಿದ. ನೂರಾರು ವರ್ಷಗಳ ಸಾವಿನ ನಂತರ ಸಿಕ್ಕ ಒಂದು ಸಣ್ಣ ಹಿಡಿತ ಅದು. ಹೊತ್ತಿನ ಮೇಲಿನ ಹಿಡಿತ.

ಆ ಹೊತ್ತಿಗೆ ನಮ್ಮ ದೇಶಕ್ಕೆ ರೈಲು ಬರುವುದಿತ್ತು. ಮುಂಬಯಿಯಿಂದ ಪುಣೆಗೆ ಹೋಗುವ ಬೋರ್ ಘಾಟನ್ನು 1856ರಿಂದ 1863ರವರೆಗೆ ಕಡಿದರು. ಇಪ್ಪತ್ತೈದು ಸುರಂಗ. 1861ರಲ್ಲಿ ಅಲ್ಲಿ ದುಡಿಯುತ್ತಿದ್ದವರು 40 ಸಾವಿರಕ್ಕೂ ಮಿಕ್ಕಿದ ಜನ. ಕಂಟ್ರಾಕ್ಟರ್ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಕಂಟ್ರಾಕ್ಟು ಮುಂದುವರಿಸಿದಳು. ಇಬ್ಬರ ಹೆಸರೂ ರೈಲ್ವೆ ಚರಿತ್ರೆಯಲ್ಲಿದೆ. ಕಾಲರಾಕ್ಕೆ, ಕುಸಿತಕ್ಕೆ, ಮದ್ದಿಗೆ ಸತ್ತ ಸಾವಿರ ಸಾವಿರ ಜನ ಯಾರ ಮಕ್ಕಳು? ಎಲ್ಲಿ ಮಣ್ಣಾದರು? ದಕ್ಷಿಣದ ಕಟ್ಟಡ ಕೆಲಸಗಳ ದಾಖಲೆಯಲ್ಲಿ ದೊರೆಗಳು ನಮ್ಮವರನ್ನು 'ವಡ್ಡರ್' ಎಂದು ಒಂದೇ ಮಾತಿನಲ್ಲಿ ಬರೆದು, ಒಳ್ಳೆ ಕೆಲಸಗಾರರು ಅಂತ ಹೊಗಳಿ, ಹಾಳೆ ತಿರುವಿದ್ದಾರೆ.

1847ರಲ್ಲಿ ಇಟಲಿಯ ಸೊಬ್ರೆರೊ ನೈಟ್ರೊಗ್ಲಿಸರಿನ್ ಕಂಡುಹಿಡಿದ. ಅಲ್ಲಾಡಿದರೆ ಸಿಡಿಯುವ ಎಣ್ಣೆ. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಅದನ್ನು ಪಳಗಿಸಲು ಹೊರಟ. 1864ರಲ್ಲಿ ಅವನ ಸ್ವಂತ ತಮ್ಮ ಎಮಿಲ್ ಮತ್ತು ಕೆಲವರು ಕಾರ್ಖಾನೆಯ ಸ್ಫೋಟದಲ್ಲೇ ಸತ್ತರು. ಆ ಎಣ್ಣೆಯನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿ, ಕಡ್ಡಿ ಮಾಡಿ, 1867ರಲ್ಲಿ ಡೈನಮೈಟ್ ಎಂದು ಪೇಟೆಂಟ್ ಪಡೆದ. 1875ರಲ್ಲಿ ಇನ್ನೂ ಬಲವಾದ ಜೆಲಾಟಿನ್ ಮಾಡಿದ. ನಮ್ಮ ಊರುಗಳಲ್ಲಿ ಶಾಲೆ ಮೆಟ್ಟಿಲು ಹತ್ತದ ಹುಡುಗರ ಬಾಯಲ್ಲೂ 'ಜಿಲೆಟಿನ್ ಕಡ್ಡಿ' ಎಂಬ ಮಾತಿದೆಯಲ್ಲ, ಅದು ಬಂದದ್ದು ಅಲ್ಲಿಂದ. ನೊಬೆಲ್‌ನ ಹೆಸರಲ್ಲಿ ಶಾಂತಿಗೆ ಬಹುಮಾನ ಕೊಡುತ್ತಾರೆ. ಅವನ ಕಡ್ಡಿ ನಮ್ಮ ಕೇರಿಗೆ ಬಂತು, ಬಹುಮಾನದ ಸುದ್ದಿ ಪೇಪರಿನಲ್ಲಿ ಬಂತು.

*

ಜಿಲೆಟಿನ್ ಬಲದ ಮುಂದೆ ಬೆಣೆ ಎಂಥದ್ದು ಅನ್ನಿಸಬಹುದು. ಆದರೆ ಬಲ ಹೆಚ್ಚಾದಷ್ಟೂ ಹಿಡಿತ ತಪ್ಪಿತು. ಯಾಕೆ ಅಂತ ತಿಳಿಯಬೇಕಾದರೆ ಕುಳಿಯ ಒಳಗೆ ಏನಾಗುತ್ತದೆ ಅಂತ ತಿಳಿಯಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಹುಡುಗರಿಗೆ ಹೇಳಿಕೊಟ್ಟರೆ ನಮಗೆ ಸಂತೋಷ.

ಮದ್ದು ಸಿಡಿದ ಕೂಡಲೇ ಕುಳಿಯ ಗೋಡೆಗೆ ಭಾರಿ ಹೊಡೆತ ಬೀಳುತ್ತದೆ. ಹತ್ತಿರದ ಕಲ್ಲು ಹಿಟ್ಟಾಗುತ್ತದೆ. ಹೊಡೆತದ ಅಲೆ ಸುತ್ತಲೂ ಹರಡುವಾಗ ಬಂಡೆಯನ್ನು ಎಲ್ಲ ಕಡೆಗೂ ಜಗ್ಗುತ್ತದೆ, ಚಕ್ರದ ಅರೆಕಾಲುಗಳ ಹಾಗೆ ಬಿರುಕು ಬಿಡುತ್ತದೆ. ಹಿಂದೆಯೇ ಬಿಸಿ ಗಾಳಿ ಆ ಬಿರುಕಿಗೆ ನುಗ್ಗಿ ಅಗಲ ಮಾಡುತ್ತದೆ. ಅಲೆ ಬಂಡೆಯ ತೆರೆದ ಮುಖಕ್ಕೆ ಹೋಗಿ ಮುಟ್ಟಿದಾಗ ಎಳೆತವಾಗಿ ವಾಪಸ್ಸು ಬಂದು ಅಲ್ಲಿಯ ಕಲ್ಲನ್ನೂ ಕಳಚುತ್ತದೆ. ತೆರೆದ ಮುಖ ಇಲ್ಲದೆ, ಮದ್ದು ಹೆಚ್ಚಾಗಿ, ಕುಳಿಯ ಬಾಯಿ ಸರಿಯಾಗಿ ಮುಚ್ಚದೆ ಹೋದರೆ ಆ ಬಲ ಎಲ್ಲಿಗೆ ಹೋಗಬೇಕು? ಮೇಲಕ್ಕೆ ಕಲ್ಲು ಹಾರಿಸುತ್ತದೆ, ಕೆಳಗೆ ನೆಲ ನಡುಗಿಸುತ್ತದೆ, ಹಿಂದಿನ ಗೋಡೆಯಲ್ಲಿ ಕಾಣದ ಬಿರುಕು ಬಿಟ್ಟು ಮುಂದೊಂದು ದಿನ ಬೀಳುವಂತೆ ಮಾಡಿಡುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು 1950ರ ದಶಕದಲ್ಲಿ. ಸ್ವೀಡನ್ನಿನಲ್ಲಿ ಸುರಂಗದ ಗೋಡೆ ನುಣುಪಾಗಿ ಉಳಿಸುವ ಕ್ರಮ ಬೆಳೆಯಿತು. ಅಂಚಿನ ಕುಳಿಗಳಿಗೆ ಕಡಿಮೆ ಮದ್ದು ಹಾಕಿ ಎಲ್ಲಕ್ಕಿಂತ ಕೊನೆಗೆ ಸಿಡಿಸುವುದು. ಲಾಂಗೆಫೋರ್ಸ್ ಮತ್ತು ಕಿಲ್‌ಸ್ಟ್ರೋಮ್ 1963ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಅಮೆರಿಕದ ನಯಾಗರ ವಿದ್ಯುತ್ ಯೋಜನೆಯಲ್ಲಿ, ಆ ದಶಕದ ಕೊನೆಗೆ, ಇನ್ನೊಂದು ಕ್ರಮವನ್ನು ದೊಡ್ಡದಾಗಿ ಬಳಸಿದರು. ಅದು ಮೊದಲೇ ಸೀಳಿಡುವುದು. ಎಲ್ಲಿ ಗೋಡೆ ಬೇಕೋ ಆ ಗೆರೆಯ ಮೇಲೆ ಒತ್ತೊತ್ತಾಗಿ ಕುಳಿ ತೋಡುತ್ತಾರೆ. 75 ಮಿಲಿಮೀಟರ್ ಕುಳಿಯಾದರೆ ಸುಮಾರು 60ರಿಂದ 90 ಸೆಂಟಿಮೀಟರಿಗೊಂದು. ಕುಳಿ ತುಂಬ ಮದ್ದು ತುಂಬುವುದಿಲ್ಲ. ತೆಳು ಕಡ್ಡಿ ಇಳಿಬಿಟ್ಟು ಸುತ್ತ ಗಾಳಿಗೆ ಜಾಗ ಬಿಡುತ್ತಾರೆ. ಆ ಗಾಳಿ ಮೆತ್ತೆಯ ಹಾಗೆ ಹೊಡೆತ ತಗ್ಗಿಸುತ್ತದೆ, ಗೋಡೆ ಹಿಟ್ಟಾಗುವುದಿಲ್ಲ. ಸಾಲು ಕುಳಿಗಳನ್ನು ಒಟ್ಟಿಗೆ ಸಿಡಿಸಿದಾಗ ಒಂದು ಕುಳಿಯ ಬಲ ಪಕ್ಕದ ಕುಳಿಯ ಬಲಕ್ಕೆ ಸೇರಿ ಎರಡರ ನಡುವೆ ಎಳೆತ ಹೆಚ್ಚಾಗುತ್ತದೆ. ಬಿರುಕು ಕುಳಿಯಿಂದ ಕುಳಿಗೆ ಹಾಯುತ್ತದೆ. ಆಮೇಲೆ ದೊಡ್ಡ ಮದ್ದು ಹೊಡೆದರೂ ಅದರ ಬಿರುಕು ಈ ಸೀಳಿನ ಹತ್ತಿರ ಬಂದು ನಿಲ್ಲುತ್ತದೆ.

ಓದುವಾಗ ನಮಗೆ ಎದೆ ಝಲ್ ಅಂತು. ಸಾಲು ಕುಳಿ. ಒತ್ತೊತ್ತಾಗಿ. ಪ್ರತಿ ಕುಳಿಗೂ ಕಡಿಮೆ ಬಲ. ಎಲ್ಲಕ್ಕೂ ಸಮನಾಗಿ. ಇದು ನಮ್ಮ ತಾತನ ಬೆಣೆಯ ಸಾಲು! ಒಂದೇ ಬೆಣೆಗೆ ಎರಡು ಏಟು ಹಾಕಬೇಡ ಅಂದದ್ದು ಇದನ್ನೇ ಅಲ್ಲವೇ? ನಯಾಗರದ ಇಂಜಿನಿಯರು ನಮ್ಮ ತಾತನಿಂದ ಕದ್ದ ಅನ್ನುವುದಿಲ್ಲ. ಅಷ್ಟು ದಡ್ಡರಲ್ಲ ನಾವು. ಅವರು ಮದ್ದಿನ ಒತ್ತಡ ಅಳೆದರು, ಸೆಕೆಂಡನ್ನು ಸಾವಿರ ಪಾಲು ಮಾಡಿ ಕೇಪು ಸಿಡಿಸಿದರು. ಅದು ದೊಡ್ಡ ವಿದ್ಯೆ. ಅದನ್ನು ನಾವೂ ಕಲಿಯಬೇಕು. ನಾವು ಹೇಳುವುದು ಇಷ್ಟೇ. ಕಲ್ಲಿನ ಮೂಲಪಾಠ ಎರಡು ಕಡೆಯೂ ಒಂದೇ. ಒಂದು ಕಡೆಯವರಿಗೆ ಅದು ಪದವಿ ತಂದುಕೊಟ್ಟಿತು. ಇನ್ನೊಂದು ಕಡೆಯವರಿಗೆ ಜಾತಿ ತಂದುಕೊಟ್ಟಿತು.

*

ಕೋಲಾರದ ಚಿನ್ನದ ಗಣಿಯ ಮಾತು ಬಿಟ್ಟರೆ ಈ ಚರಿತ್ರೆ ಪೂರ್ತಿಯಾಗದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಆಳಕ್ಕಿಳಿಯಿತು. ಇಳಿದದ್ದು ಕಂಪೆನಿಯಲ್ಲ, ತಮಿಳು ಸೀಮೆಯ ಹೊಲೆಗೇರಿಗಳಿಂದ ಬಂದ ನಮ್ಮಂಥವರು. ಮೂರು ಕಿಲೋಮೀಟರಿಗೂ ಆಳ. ಅಷ್ಟು ಭಾರದ ಕೆಳಗೆ ಬಂಡೆಯೇ ಬಿಗಿದ ಬಿಲ್ಲಿನ ಹಾಗಿರುತ್ತದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆ ತಾನಾಗಿ ಸಿಡಿಯುತ್ತದೆ. ಮದ್ದಿಲ್ಲದೆ ಬಂಡೆ ಸಿಡಿದು ಸತ್ತವರ ಊರು ಅದು. ಕುಳಿ ತೋಡುವಾಗ ಏಳುವ ಕಲ್ಲುದೂಳು ಎದೆ ತುಂಬಿ ಸಾಯುವ ಸಿಲಿಕೋಸಿಸ್ ಕಾಯಿಲೆ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದೂ ಅಲ್ಲಿಂದಲೇ, 1947ರಲ್ಲಿ. ದೇಶ ಉಸಿರು ಬಿಟ್ಟ ವರ್ಷ ಗಣಿಯವರ ಉಸಿರು ಕಟ್ಟಿದ್ದು ಕಾಗದಕ್ಕೆ ಬಂತು.

1988ರಲ್ಲಿ ಅದೇ ಕೆ.ಜಿ.ಎಫ್.ನಲ್ಲಿ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆ ಹುಟ್ಟಿತು. ದೇಶದ ಅಣೆಕಟ್ಟು, ಸುರಂಗಗಳಿಗೆ ಮದ್ದನ್ನು ಹೇಗೆ ಹಿಡಿತದಲ್ಲಿಡಬೇಕೆಂದು ಹೇಳುವ ವಿಜ್ಞಾನಿಗಳು ಅಲ್ಲಿ ಬೆಳೆದರು. ಒಳ್ಳೆಯದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಡೆಯ ಅಧ್ಯಯನ ಮುಂದುವರಿಯಿತು, ಬಂಡೆ ಒಡೆದವರ ಮಕ್ಕಳು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು.

*

ಈಗ ಕಾನೂನಿಗೆ ಬರೋಣ. ಮದ್ದು ಹೊಡೆದಾಗ ನೆಲ ಎಷ್ಟು ನಡುಗಬಹುದು ಅಂತ 1997ರಲ್ಲಿ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ ಸುತ್ತೋಲೆ ಹೊರಡಿಸಿತು. ನಡುಕದ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಸೆಕೆಂಡಿಗೆ ಎಂಟಕ್ಕಿಂತ ಕಡಿಮೆ ಸಲ ತೂಗುವ ನಿಧಾನದ ನಡುಕವೇ ಮನೆಗಳಿಗೆ ಹೆಚ್ಚು ಅಪಾಯ. ಅಂಥ ನಡುಕಕ್ಕೆ ಹಾಕಿದ ಮಿತಿ ನೋಡಿ. ಚಾರಿತ್ರಿಕ ಕಟ್ಟಡಕ್ಕೆ 2 ಮಿಲಿಮೀಟರ್. ಊರವರ ಮನೆಗೆ, ಗುಡಿಸಲೂ ಸೇರಿ, 5 ಮಿಲಿಮೀಟರ್. ಗಣಿಯ ಮಾಲೀಕನಿಗೇ ಸೇರಿದ, ಹೆಚ್ಚು ಕಾಲ ಬಾಳಬೇಕಿಲ್ಲದ ಮನೆಗೆ 10 ಮಿಲಿಮೀಟರ್.

ಮಾಲೀಕನಿಗೆ ಸೇರಿದ, ಹೆಚ್ಚು ಕಾಲ ಬಾಳಬೇಕಿಲ್ಲದ ಮನೆಯಲ್ಲಿ ಯಾರಿರುತ್ತಾರೆ? ಮಾಲೀಕ ಇರುತ್ತಾನೆಯೇ? ಕ್ವಾರಿ ಪಕ್ಕದ ಶೀಟು ಮನೆ ಅದು. ಅಲ್ಲಿ ಇರುವವರು ನಾವು. ಇಂಜಿನಿಯರು ಕಟ್ಟಡದ ಆಯಸ್ಸು ನೋಡಿ ಲೆಕ್ಕ ಹಾಕಿದ್ದಾನೆ, ನಮ್ಮನ್ನು ದ್ವೇಷಿಸಿ ಹಾಕಿಲ್ಲ. ಆದರೂ ಆ ಗೋಡೆಯ ಕೆಳಗೆ ತೊಟ್ಟಿಲು ಕಟ್ಟಿದವಳಿಗೆ ಈ ಲೆಕ್ಕ ಹೇಗೆ ಕೇಳಿಸುತ್ತದೆ?

ಇಷ್ಟಾದರೂ ಮಿತಿ ಅಂತ ಒಂದಿದೆ. 1961ರ ಗಣಿ ನಿಯಮಾವಳಿಯಲ್ಲಿ ಸಿಡಿಸುವ ಜಾಗದ ಸುತ್ತ 300 ಮೀಟರ್ ಅಪಾಯದ ವಲಯ ಎಂದಿದೆ. 1884ರಿಂದ ಸ್ಫೋಟಕ ಕಾಯಿದೆ ಇದೆ. ನಮ್ಮ ಅಪ್ಪ ಮದ್ದು ತುಂಬುತ್ತಿದ್ದ ಕ್ವಾರಿಯಲ್ಲಿ ಇವು ಯಾವುವೂ ಇರಲಿಲ್ಲ. ಸೈರನ್ನಿಗೆ ಬದಲು ಒಬ್ಬ ಹುಡುಗ ಕೆಂಪು ಟವೆಲ್ ಬೀಸಿ "ಬತ್ತೀ... ಬತ್ತೀ..." ಅಂತ ಕೂಗುತ್ತಿದ್ದ. ಕುಳಿಗೆ ಎಷ್ಟು ಕಡ್ಡಿ? ಮಾಲೀಕ ಹೇಳಿದಷ್ಟು. ಹೆಚ್ಚು ಕಡ್ಡಿ ಹಾಕಿದರೆ ಹೆಚ್ಚು ಜಲ್ಲಿ, ಹೆಚ್ಚು ಲೋಡು. ಒಂದು ಸಂಜೆ ಒಂದು ಕುಳಿ ತಡವಾಗಿ ಸಿಡಿಯಿತು. ಅಪ್ಪ ಮರದ ಹಿಂದಿನಿಂದ ತಲೆ ಹೊರಗೆ ಹಾಕಿದ್ದ. ಎಡಗಣ್ಣು ಹೋಯಿತು. ಆಸ್ಪತ್ರೆ ಚೀಟಿಯಲ್ಲಿ 'ಜಾರಿ ಬಿದ್ದು ಪೆಟ್ಟು' ಅಂತ ಬರೆಸಿದರು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ನಾವು ಆಗ ಆರನೇ ಕ್ಲಾಸು. ಓದಿ ಹೇಳಿದವರು ನಾವೇ. "ಸುಮ್ಕಿರು ಮಗಾ, ನಾಳೆ ಕೆಲ್ಸ ಬೇಕಲ್ಲ" ಅಂದ. ನಾವು ಓದಲು ಕಲಿತದ್ದರ ಮೊದಲ ಸಂಬಳ ಅದು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕ್ರಷರ್ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಅಕ್ಕಪಕ್ಕದ ಜಿಲ್ಲೆಯವರು ಭೂಕಂಪ ಅಂತ ಮನೆ ಬಿಟ್ಟು ಓಡಿ ಬಂದರು. ಸತ್ತವರು ಕನಿಷ್ಠ ಐದು ಮಂದಿ. ಒಂದು ತಿಂಗಳಾಗಿತ್ತು ಅಷ್ಟೆ, ಫೆಬ್ರವರಿ 23ರ ಬೆಳಗಿನ ಜಾವ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಬಂಡೆಯ ಬಿರುಕು ಯಾವ ಗೆರೆಯಲ್ಲಿ ನಿಲ್ಲಬೇಕು ಅಂತ ಜಗತ್ತು ಕಲಿತು ಆಗಲೇ ಅರವತ್ತು ವರ್ಷ ದಾಟಿತ್ತು. ಹಾಗಾದರೆ ಈ ಸಾವುಗಳು ವಿಜ್ಞಾನ ಇಲ್ಲದೆ ಆದವಲ್ಲ. ಇರುವ ವಿಜ್ಞಾನವನ್ನು ನಮ್ಮ ತನಕ ಬರಗೊಡದೆ ಆದವು.

ಅಣೆಕಟ್ಟಿನ ಗೋಡೆ ಬಿರುಕು ಬಿಡಬಾರದು ಅಂದಾಗ ಮದ್ದು ಹಿಡಿತಕ್ಕೆ ಬರುತ್ತದೆ. ಗುಡಿಯ ಗೋಪುರ ಅಲುಗಬಾರದು ಅಂದಾಗ ಬರುತ್ತದೆ. ಸುರಂಗದ ಗೋಡೆಗೆ ಕಾಂಕ್ರೀಟು ಹೆಚ್ಚು ಹಿಡಿದು ಕಾಸು ಖರ್ಚಾಗಬಾರದು ಅಂದಾಗಲಂತೂ ಬಂದೇ ಬರುತ್ತದೆ. ಕೂಲಿಯ ಕಣ್ಣು ಹೋಗಬಾರದು ಅಂದಾಗ ಮಾತ್ರ ಯಾಕೆ ಬರುವುದಿಲ್ಲ?

*

ಕ್ವಾರಿ ಮುಚ್ಚಿ ಅಂತ ಸುಮ್ಮನೆ ಕೂಗುವುದು ಸುಲಭ. ಮುಚ್ಚಿದ ಮರುದಿನ ಒಲೆ ಹಚ್ಚುವುದು ಹೇಗೆ ಅಂತ ನಮ್ಮ ಅವ್ವನನ್ನು ಕೇಳಬೇಕು. ನಾವು ಕೇಳುವುದು ಬೇರೆ. ಮದ್ದು ತುಂಬುವವನು ತರಬೇತಿ ಆಗಿ ಪರವಾನಗಿ ಇರುವವನಾಗಿರಲಿ. ಆ ತರಬೇತಿ ಕನ್ನಡದಲ್ಲಿ, ನಲವತ್ತು ವರ್ಷ ಕಲ್ಲು ಒಡೆದ ಕೈಗಳಿಗೇ ಮೊದಲು ಸಿಗಲಿ. ಪ್ರತಿ ಸಿಡಿತಕ್ಕೂ ಎಷ್ಟು ಕುಳಿ, ಎಷ್ಟು ಮದ್ದು, ಯಾವ ಕ್ರಮ ಅಂತ ಬರೆದಿಡಲಿ, ಆ ಪುಸ್ತಕ ಪಂಚಾಯಿತಿಯಲ್ಲಿ ಎಲ್ಲರ ಕಣ್ಣಿಗೂ ಸಿಗಲಿ. ಕುಳಿ ತೋಡುವಾಗ ನೀರು ಬಿಟ್ಟು ದೂಳು ಅಡಗಿಸಲಿ. ಸಿಡಿದ ಕುಳಿ ಎಣಿಸಿ, ಉಳಿದದ್ದು ಇಲ್ಲ ಅಂತ ಗೊತ್ತಾಗುವ ತನಕ ಯಾರನ್ನೂ ಒಳಗೆ ಬಿಡದಿರಲಿ. ಗಾಯಕ್ಕೆ ಗಾಯ ಅಂತಲೇ ಬರೆಯಲಿ. ಇದರಲ್ಲಿ ಕ್ರಾಂತಿ ಏನಿದೆ ಅನ್ನಬಹುದು. ನಿಮ್ಮೂರ ಕ್ವಾರಿಗೆ ಹೋಗಿ ಇಷ್ಟನ್ನೇ ಗಟ್ಟಿಯಾಗಿ ಕೇಳಿ ನೋಡಿ ಗೆಳೆಯರೇ, ಆಗ ಗೊತ್ತಾಗುತ್ತದೆ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಹುಡುಗರನ್ನು ಹಂಪಿಗೆ ಕರಕೊಂಡು ಹೋದಾಗ ಒಂದು ಗಳಿಗೆ ಆ ಕುಳಿಗಳ ಸಾಲಿನ ಮುಂದೆ ನಿಲ್ಲಿಸಿ. ಕೈ ಇಟ್ಟು ನೋಡಲು ಹೇಳಿ. ಅರ್ಧಕ್ಕೇ ನಿಂತ ಸಾಲನ್ನೂ ತೋರಿಸಿ. ಆ ಹುಡುಗರಲ್ಲಿ ಒಬ್ಬನ ಅಪ್ಪ ಅವತ್ತು ಎಲ್ಲೋ ಕುಳಿಗೆ ಮದ್ದು ತುಂಬುತ್ತಿರುತ್ತಾನೆ. ಅವನಿಗೆ ಹೇಳಿ, ಇದು ನಿಮ್ಮ ಅಪ್ಪನ ವಿದ್ಯೆ ಅಂತ. ತಲೆ ಎತ್ತಲಿ.

ನಮ್ಮ ಅಪ್ಪ ಈಗ ಒಂಟಿಗಣ್ಣಲ್ಲಿ ಮನೆ ಜಗಲಿ ಮೇಲೆ ಕೂತು ಉಳಿ ಹದ ಮಾಡುತ್ತಾನೆ. ಈ ಬರಹವನ್ನು ಅವನಿಗೆ ಓದಿ ಹೇಳಿದೆವು. ನಯಾಗರ ಬಂದಾಗ ನಿಲ್ಲಿಸು ಅಂದ. "ಕುಳಿ ತುಂಬ ತುಂಬಾಕಿಲ್ವಾ? ಗಾಳಿಗೆ ಜಾಗ ಬಿಡ್ತಾರಾ?" ಅಂತ ಎರಡು ಸಲ ಕೇಳಿದ. ಹೌದು ಅಂದೆವು. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ನಂಗ್ಯಾರೂ ಹೇಳ್ನೇ ಇಲ್ವಲ್ಲ ಮಗಾ."